ನಂಜುಂಡಾರಾಧ್ಯರ ಪಾಸ್‌ವರ್ಡ್ ದಿಗ್ವಿಜಯ

ಮೂರು ಯುಗಗಳು ಮುಗಿದು, ನಾಲ್ಕನೆಯದೂ ಅರ್ಧ ಸವೆದು, ಮನುಷ್ಯರು ನೀರಿಲ್ಲದೆ ಒಂದು ದಿನ ತಡೆದಾರು, ನೆಟ್ ಇಲ್ಲದೆ ಒಂದು ಗಳಿಗೆ ತಡೆಯಲಾರರು ಎಂಬಂಥ ಮಹಾಕಾಲವು ಭೂಮಂಡಲದ ಮೇಲೆ ಇಳಿದಿದ್ದ ಸಮಯದಲ್ಲಿ, ಕೊಬ್ಬರಿಯ ಘಮದಿಂದ ಸದಾ ಮತ್ತವಾಗಿರುವ ತಿಪಟೂರೆಂಬ ಪಟ್ಟಣದ ಗೋಕುಲ ಬಡಾವಣೆಯಲ್ಲಿ, ಮೂರನೆಯ ಅಡ್ಡರಸ್ತೆಯೆಂಬ ರಣಭೂಮಿಯಲ್ಲಿ, ಒಂದು ಘೋರ ಸಂಗ್ರಾಮ ನಡೆಯಿತು. ಅದನ್ನು ಹೇಳಲು ಹೊರಟಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ನಡುವೆ ಯಾರೂ ಮೊಬೈಲ್ ನೋಡಕೂಡದು. ನೋಡಿದರೆ ಅಲ್ಲಿಗೇ ಬಿಟ್ಟು ಎದ್ದುಹೋಗುವ ಆಸಾಮಿ ನಾನು.

ಓ ಷೋಕೇಸ್ ಶಿಖರವಾಸಿನಿಯೇ! ದ್ವಿಶೃಂಗಧಾರಿಣಿಯೇ! ಹರಿತ್ಕಾಂತಿಬಿಂದುಮಾಲಾಲಂಕೃತೆಯೇ! ಕರೆಂಟು ಹೋದೊಡನೆ ಪ್ರಾಣ ಬಿಟ್ಟು, ಬಂದೊಡನೆ ಕಣ್ಣು ಮಿಟುಕಿಸುತ್ತ ಮರುಹುಟ್ಟು ಪಡೆಯುವ ಪುಟ್ಟ ಕರಿಯ ವೈಫೈ ಪೆಟ್ಟಿಗೆಯೇ! ಗೋಡೆಯಾಚೆಗೂ ಹರಿಯುವ ನಿನ್ನ ಅದೃಶ್ಯತರಂಗಗಳಿಗಾಗಿ ನೆರೆಹೊರೆಯವರು ಹೇಗೆ ಹಲ್ಲುಹಲ್ಲು ಕಡಿದರೆಂಬುದನ್ನು ಹೇಳುವ ಶಕ್ತಿಯನ್ನು ನನ್ನ ನಾಲಿಗೆಗೆ ಕೊಡು. ಹೇಳುತ್ತಿರುವಾಗ ನಡುವೆ ಕಡಿದುಹೋಗಬೇಡ, ಅಷ್ಟು ಸಾಕು.

ಆ ಬೀದಿಯ ಸಂಪಿಗೆ ಮರದ ಮನೆಯಲ್ಲಿ ಶ್ರೀಮಾನ್ ನಂಜುಂಡಾರಾಧ್ಯರು ವಾಸವಾಗಿದ್ದರು. ಕೊಬ್ಬರಿ ಮಂಡಿಯ ಹರಾಜುಕಟ್ಟೆಯ ಮೇಲೆ ನಿಂತು ಯೌವನದಿಂದ ನಿವೃತ್ತಿಯವರೆಗೆ ಬೆಲೆ ಕೂಗಿದವರು. ಕೂಗಿದರೆ ರೈಲ್ವೆ ಸ್ಟೇಷನ್ನಿನಲ್ಲಿ ಕೂತವನೂ ಆ ದಿನದ ಕೊಬ್ಬರಿ ದರ ತಿಳಿಯುವಷ್ಟು ಘನಗಂಭೀರಮೇಘನಿರ್ಘೋಷಕಂಠದವರು. ಆದರೆ ಆ ಮಹಾಕಂಠಕ್ಕೆ ಒಂದು ದೊಡ್ಡ ದುಃಖವಿತ್ತು. ಬೆಲೆ ಕೂಗಿದಾಗ ಊರೆಲ್ಲ ಕಿವಿಗೊಟ್ಟಿತು. ಪದ್ಯ ಓದಿದಾಗ ಯಾರೂ ಕಿವಿಗೊಡಲಿಲ್ಲ. ಹರಾಜು ಹರಾಜುಗಳ ನಡುವೆ ಮೂಟೆಗಳ ಮೇಲೆ ಕೂತು, ಭಾಮಿನೀ ಷಟ್ಪದಿಯಲ್ಲಿ, ಒಬ್ಬ ಕುಂಬಾರಗಿತ್ತಿಯ ಕಥೆಯನ್ನು ಅವರು ಸ್ವತಃ ಕಟ್ಟಿದ್ದರು. ಅದನ್ನು ಓದಲು ಮದುವೆಮನೆಗಳಲ್ಲಿ ಅವರು ಗಂಟಲು ಸರಿಮಾಡಿಕೊಂಡರೆ ಸಾಕು, ನೆಂಟರೆಲ್ಲ ಕೈ ತೊಳೆಯುವ ನೆಪದಲ್ಲಿ ಎದ್ದುಬಿಡುತ್ತಿದ್ದರು. ಊಟಕ್ಕೆ ಇನ್ನೂ ಎಲೆಯನ್ನೇ ಹಾಕಿರುತ್ತಿರಲಿಲ್ಲ!

ನಗಬೇಡಿ. ಒಂದು ಜೀವಮಾನ ಕಟ್ಟಿದ ಪದ್ಯವನ್ನು ಕೇಳುವವರಿಲ್ಲದೆ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕೂತವನ ಹೊಟ್ಟೆಯ ಸಂಕಟ ನಿಮಗೇನು ಗೊತ್ತು?

ಕಡೆಗೆ ದೈವ ಕಣ್ಣು ಬಿಟ್ಟಿತು. 'ಗಮಕ ಸೌರಭ' ಎಂಬ ಆನ್‌ಲೈನ್ ಸಭೆಯೊಂದು ಪ್ರತಿ ಭಾನುವಾರ ಸಂಜೆ ಐದಕ್ಕೆ ಒಬ್ಬೊಬ್ಬ ಗಮಕಿಯ ವಾಚನವನ್ನು ಲೈವ್ ತೋರಿಸುತ್ತಿತ್ತು. ಆರಾಧ್ಯರಿಗೂ ಸರದಿ ಬಂತು. ಹಣೆಗೆ ವಿಭೂತಿ ಬಳಿದು, ಜರಿ ಶಲ್ಯ ಹೊದ್ದು, ಸ್ಟೂಲಿನ ಮೇಲೆ ಫೋನನ್ನು ಪ್ರತಿಷ್ಠಾಪಿಸಿ, ಅವರು ಆರಂಭಿಸಿದರು. ಕಥೆಯೇನೆಂದರೆ, ಒಬ್ಬ ರಾಜ ದೊಡ್ಡ ಕೆರೆ ಕಟ್ಟಿಸಿ, ಸುತ್ತ ಬೇಲಿ ಹಾಕಿಸಿ, ತನ್ನ ಆನೆಗಳ ಹೊರತು ಯಾರೂ ಒಂದು ಹನಿ ಮುಟ್ಟಕೂಡದೆಂದು ಡಂಗುರ ಸಾರಿಸುತ್ತಾನೆ. ಕುಂಬಾರಗಿತ್ತಿಯೊಬ್ಬಳು ಬೇಲಿ ನುಸುಳಿ ಗಡಿಗೆಯಲ್ಲಿ ನೀರು ತುಂಬುತ್ತಾಳೆ. ಸಿಕ್ಕಿಬೀಳುತ್ತಾಳೆ. ತುಂಬಿದ ಸಭೆಯಲ್ಲಿ ರಾಜನ ಮುಖವನ್ನೇ ದಿಟ್ಟಿಸಿ ನೋಡಿ, ಅವಳು ಬಾಯಿ ತೆರೆದಳು ಎಂದು ಹಾಡುತ್ತ ಆರಾಧ್ಯರೂ ಬಾಯಿ ತೆರೆದರು. ತೆರೆದ ಬಾಯಿ ತೆರೆದ ಹಾಗೇ ನಿಂತಿತು. ನೆಟ್ ಕೈಕೊಟ್ಟಿತ್ತು.

ಚಿತ್ರ ಮತ್ತೆ ಕದಲಲೇ ಇಲ್ಲ. ಒಂದು ಕಣ್ಣು ಮುಚ್ಚಿ, ಒಂದು ಕಣ್ಣು ಅರೆತೆರೆದು, ಬಾಯನ್ನು ಗುಡಾಣದಷ್ಟು ಅಗಲಿಸಿದ್ದ ಆ ಮುಖ ಮರುದಿನವೇ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಸ್ಟಿಕ್ಕರ್ ಆಗಿ ಅವತರಿಸಿತು. ನೀರು ಬಿಡಲಿಲ್ಲವೆಂದರೂ ಅದೇ ಮುಖ, ಕಸದ ಗಾಡಿ ಬರಲಿಲ್ಲವೆಂದರೂ ಅದೇ ಮುಖ. ಸಭೆಯ ಕಾರ್ಯದರ್ಶಿ ಜಲಜಾಕ್ಷಿಯವರು ಫೋನ್ ಮಾಡಿ, "ಆರಾಧ್ಯರೇ, ಬೇಜಾರು ಮಾಡ್ಕೋಬೇಡಿ. ಬರೋ ತಿಂಗಳು ಇನ್ನೊಂದು ಸಲ ಕೊಡ್ತೀವಿ. ಆವಾಗ್ಲೂ ಹೀಗೇ ಆದ್ರೆ ಮಾತ್ರ ನಮ್ಮ ಕೈಲಿ ಆಗಲ್ಲ ನೋಡಿ, ಬೇರೆಯವ್ರು ಕಾಯ್ತಿದ್ದಾರೆ" ಎಂದರು. ಆ ಇನ್ನೊಂದು ಸಲವೇ ಕೊನೆಯ ಸಲ ಎಂದು ಆರಾಧ್ಯರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ನೆಟ್ ಯಾಕೆ ಹೋಯಿತು? ಅವರು ಮೋಡವನ್ನು ಬೈದರು, ಕಂಪನಿಯನ್ನು ಬೈದರು, ತಂತಿಯ ಮೇಲೆ ಕೂರುವ ಕಾಗೆಯನ್ನೂ ಬೈದರು. ನಿಜವಾದ ಕಾರಣ ಅವರ ಕಾಂಪೌಂಡಿಗೆ ಒರಗಿಕೊಂಡೇ ನಿಂತಿತ್ತು. ಅವರಿಗೆ ಕಾಣಲಿಲ್ಲ, ಅಷ್ಟೆ. ಹಲವು ತಿಂಗಳುಗಳಿಂದ ಬೀದಿಯ ಜನ ಬೆಳಿಗ್ಗೆ ಸಂಜೆ ಬಂದು ಅವರ ಸಂಪಿಗೆ ಮರದ ಕೆಳಗೆ ನಿಲ್ಲುತ್ತಿದ್ದರು. ಆರಾಧ್ಯರು ಕಿಟಕಿಯಿಂದ ನೋಡಿ ಹಿಗ್ಗುತ್ತಿದ್ದರು. "ನೋಡೇ ಮಂಗಳಾ, ನನ್ನ ಸಂಪಿಗೆ ಘಮಕ್ಕೆ ಎಷ್ಟು ಜನ ಬರ್ತಾರೆ!" ಎಂದು ಹೆಂಡತಿಯನ್ನು ಕರೆದು ತೋರಿಸುತ್ತಿದ್ದರು. ಹೆಂಡತಿ ಸರ್ವಮಂಗಳಮ್ಮನವರು, "ಹೂಂ, ಬರ್ತಾರೆ ಬರ್ತಾರೆ" ಎಂದು ಒಳಗೆ ಹೋಗಿಬಿಡುತ್ತಿದ್ದರು. ಮರ ಹೂ ಬಿಡುವುದನ್ನು ನಿಲ್ಲಿಸಿ ಆರು ತಿಂಗಳಾಗಿತ್ತು.

ಹೀಗಿರಲಾಗಿ ಎರಡನೆಯ ವಾಚನದ ವಾರ ಬಂದೇಬಿಟ್ಟಿತು. ಗುರುವಾರ ಬೆಳಿಗ್ಗೆ ಆರಾಧ್ಯರು ಅಂಗಳದಲ್ಲಿ ಕಾಫಿ ಹೀರುತ್ತಿರಲು, ಪಕ್ಕದ ಮನೆಯ ಗೋಡೆಯ ಮೇಲೆ ಒಂದು ತಲೆ ಉದಯಿಸಿತು. ಯಾರದು ಆ ತಲೆ? ಸಕಲಮಾರ್ಗವಿಶಾರದನೂ, ಚಿಲ್ಲರೆಪ್ರದಾನವಿಮುಖನೂ, ಸೀಟಿಯೊಂದರಿಂದಲೇ ಕೆಂಪು ಬಸ್ಸುಗಳನ್ನು ನಿಲ್ಲಿಸಿ ಓಡಿಸಿದವನೂ ಆದ, ನಿವೃತ್ತ ಕಂಡಕ್ಟರ್ ಗವಿರಂಗಪ್ಪನದು.

"ಸ್ವಾಮಿ," ಅಂದ ಗವಿರಂಗಪ್ಪ, "ನಿಮ್ಮ ವೈಫೈ ನಿನ್ನೆಯಿಂದ ಯಾಕೋ ಬಾಳ ಸ್ಲೋ ಆಗೈತೆ. ವಸಿ ಕಂಪನಿಯವ್ರಿಗೆ ಫೋನ್ ಮಾಡಿ ಜೋರು ಮಾಡಿ. ಹಿಂಗಾದ್ರೆ ಹೆಂಗೆ ಸ್ವಾಮಿ, ನಾವೆಲ್ಲ ಎಲ್ಗೋಗಬೇಕು?"

ಲೋಟ ಅರ್ಧದಾರಿಯಲ್ಲಿ ನಿಂತಿತು. ಕದ್ದವನು ಬಂದು, ಕದ್ದ ಮಾಲು ಚೆನ್ನಾಗಿಲ್ಲವೆಂದು ಯಜಮಾನನ ಮೇಲೆ ದೂರು ಹೇಳುವುದನ್ನು ಯಾವ ಯುಗದಲ್ಲಾದರೂ ಕೇಳಿದ್ದೀರಾ? ಆರಾಧ್ಯರ ಮೂಗಿನ ಹೊಳ್ಳೆಗಳು ಅರಳಿದವು, ಜನಿವಾರವಿಲ್ಲದ ಎದೆಯ ಮೇಲೆ ಶಿವದಾರ ಕುಣಿಯಿತು, ಕಾಫಿ ಪಂಚೆಯ ಮೇಲೆ ಚೆಲ್ಲಿತು.

"ನಿಮ್ಮ ಫೋನಿಗೆ ನನ್ನ ವೈಫೈ ಹೇಗ್ರೀ ಬಂತು?"

"ಬರ್ತದಲ್ಲ ಸ್ವಾಮಿ. ನಮಗೊಬ್ಬರಿಗೇನಾ? ಮೂಲೆಮನೆವರ್ಗೂ ಬರ್ತದೆ. ಮೂಲೆಮನೇಲಿ ಮಾತ್ರ ವಸಿ ಟೆರೇಸ್ ಮ್ಯಾಗೆ ಹತ್ತಬೇಕು." ಇಷ್ಟು ಹೇಳಿ ಆ ತಲೆ ನೆಮ್ಮದಿಯಿಂದ ಗೋಡೆಯಾಚೆ ಅಸ್ತಮಿಸಿತು.

ಆಗ ಆ ನಿವೃತ್ತಕಂಠೀರವರು ಅಂಗಳದ ನಡುವೆ ನಿಂತು, ಒದ್ದೆ ಪಂಚೆಯನ್ನು ಮೇಲಕ್ಕೆತ್ತಿ ಕಟ್ಟಿ, ಬಲಗೈಯನ್ನು ಸಂಪಿಗೆ ಮರದ ಕಡೆಗೆ ಚಾಚಿ ನುಡಿದರು: "ಎಲೈ ದಿಕ್ಕುಗಳಿರಾ, ಸಾಕ್ಷಿಯಾಗಿರಿ! ಎಲೈ ಮೂರನೆಯ ಅಡ್ಡರಸ್ತೆಯೇ, ಕೇಳು! ನನ್ನ ಕುಂಬಾರಗಿತ್ತಿಯ ಬಾಯನ್ನು ಅರ್ಧದಲ್ಲಿ ಕಟ್ಟಿದ ಪರತರಂಗಾಪಹಾರಿಗಳನ್ನು ನನ್ನ ಹೊಸ್ತಿಲಿನಾಚೆಗೆ ಅಟ್ಟದೆ ಬಿಡೆನು! ನನ್ನ ವೈಫೈ ನಿಷ್ಕಂಟಕವಾಗುವವರೆಗೆ ಈ ನಾಲಿಗೆ ಕಾಫಿಯನ್ನು ಮುಟ್ಟದು!"

ಸರ್ವಮಂಗಳಮ್ಮನವರು ಬಾಗಿಲಿಗೆ ಬಂದು ನಿಂತರು. "ಏನ್ರೀ ಅದು ಬೆಳಬೆಳಿಗ್ಗೆ ಕೂಗಾಟ?"

"ಪ್ರತಿಜ್ಞೆ ಮಾಡಿದೀನಿ ಕಣೇ. ಇನ್ನು ಕಾಫಿ ಮುಟ್ಟಲ್ಲ."

"ಹಾಗಾದ್ರೆ ಹನ್ನೊಂದು ಗಂಟೆಗೆ ಏನು ಕೊಡ್ಲಿ?"

ಮಹಾವೀರರು ಕ್ಷಣಕಾಲ ಯೋಚಿಸಿದರು. "ಟೀ ಮಾಡು. ಪ್ರತಿಜ್ಞೇಲಿ ಟೀ ಬಂದಿಲ್ಲ."

ಟೀ ಬಂತು. ಅದನ್ನು ಕುಡಿಯುತ್ತ ಅವರು ಶತ್ರು ಒಳನುಗ್ಗಿದ ದಾರಿಯನ್ನು ಚಿಂತಿಸಿದರು. ಪಾಸ್‌ವರ್ಡ್ ಗೊತ್ತಿದ್ದದ್ದು ಈ ಮನೆಯಲ್ಲಿ ಇಬ್ಬರಿಗೆ. ತಾವು ಯಾರಿಗೂ ಹೇಳಿಲ್ಲ. ಕೋಟೆಯ ಬಾಗಿಲನ್ನು ಒಳಗಿನಿಂದಲೇ ಯಾರೋ ತೆಗೆದಿದ್ದಾರೆ ಎಂಬ ಭಯಂಕರ ಸತ್ಯ ಹೊಳೆದು, ಅವರು ಅಡುಗೆಮನೆಯತ್ತ ತಿರುಗಿದರು.

"ಮಂಗಳಾ, ಪಕ್ಕದ ಮನೆಯವ್ರಿಗೆ ಪಾಸ್‌ವರ್ಡ್ ನೀನೇನಾದ್ರೂ ಹೇಳಿದ್ಯಾ?"

"ಹೇಳಿದೆ. ಅದಕ್ಕೇನೀಗ?" ಎಂದರು ಸರ್ವಮಂಗಳಮ್ಮ ಒಗ್ಗರಣೆ ಹಾಕುತ್ತ.

"ಅದಕ್ಕೇನೀಗ! ಯಾಕೇ ಹೇಳಿದೆ?"

"ಯಾಕೆ ಅಂದ್ರೆ? ಲಕ್ಷ್ಮೀದೇವಮ್ಮ ಆವತ್ತು ಹಿತಕಿದ ಅವರೆಬೇಳೆ ಸಾರು ಕಳಿಸಿದ್ಲು, ಎರಡು ಸಲ ಹಾಕಿಸ್ಕೊಂಡು ಉಂಡ್ರಲ್ಲ, ಮರೆತ್ರಾ? ಮಾರನೇ ದಿನ ಡಬ್ಬಿ ಇಸ್ಕೊಂಡು ಹೋಗೋಕೆ ಬಂದು ಬಾಗಿಲಲ್ಲೇ ನಿಂತ್ಲು. ಖಾಲಿ ಡಬ್ಬಿ ವಾಪಸ್ ಕೊಡೋಕಾಗುತ್ತೇನ್ರೀ? ಒಂದು ಚೂರು ಸಕ್ಕರೆನಾದ್ರೂ ಹಾಕಿ ಕೊಡ್ಬೇಕು. ನಿಮಗೆ ಶುಗರ್ ಬಂದಾಗಿಂದ ಮನೇಲಿ ಸಕ್ಕರೆ ಎಲ್ಲಿದೆ? ಬೆಲ್ಲ ಮುಗಿದಿತ್ತು. ಹಣ್ಣಿಲ್ಲ, ಹೂವಿಲ್ಲ. ಅವಳೇ ಅಂದ್ಲು, ನಮ್ಮ ಫೋನಿಗೆ ಸಿಗ್ನಲ್ಲೇ ಬರಲ್ಲ ಅಕ್ಕ ಅಂತ. ಸರಿ, ಪಾಸ್‌ವರ್ಡ್ ಹೇಳಿ ಡಬ್ಬಿ ಕೊಟ್ಟು ಕಳಿಸ್ದೆ. ಮರ್ಯಾದೆ ಉಳೀತು."

"ಮತ್ತೆ ಮೂಲೆಮನೆವರೆಗೂ ಹೇಗೆ ಹೋಯ್ತು?"

"ಅವಳ ಮನೆಗೂ ನಾಲ್ಕು ಮನೆಯಿಂದ ಡಬ್ಬಿ ಬರ್ತಾವಲ್ಲ. ಅವಳೂ ಖಾಲಿ ಕೊಡಕ್ಕಾಗಲ್ವಲ್ಲ."

ಆರಾಧ್ಯರು ಕುರ್ಚಿಯ ಮೇಲೆ ಕುಸಿದರು. ಹೀಗೆ ಆ ಪರಮಗೋಪ್ಯಮಂತ್ರವು ಸಾರಿನ ಡಬ್ಬಿಯಿಂದ ಚಟ್ನಿಪುಡಿಯ ಡಬ್ಬಿಗೆ, ಅಲ್ಲಿಂದ ತಂಬಿಟ್ಟಿನ ಡಬ್ಬಿಗೆ ಹಾರುತ್ತ ಬೀದಿಯನ್ನೆಲ್ಲ ಗೆದ್ದಿತ್ತು. ಬಡಾವಣೆಯೋ ತಗ್ಗಿನಲ್ಲಿತ್ತು, ಮುಂದೆ ಕೊಬ್ಬರಿ ಗೋದಾಮುಗಳ ಸಾಲು ಅಡ್ಡ ನಿಂತು, ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ ಬಂದರೆ ಹಬ್ಬ ಎಂಬಂತಿತ್ತು. ಅಂಥಲ್ಲಿ ಸಕ್ಕರೆಗಿಂತ ಪಾಸ್‌ವರ್ಡೇ ಸಿಹಿ. ಹೆಂಡತಿಯನ್ನು ಬೈಯೋಣವೆಂದರೆ ಅವರೆಬೇಳೆ ಸಾರಿನ ರುಚಿ ಇನ್ನೂ ನಾಲಿಗೆಯ ಮೇಲಿತ್ತು. ಆದ್ದರಿಂದ ಅವರು ಗವಿರಂಗಪ್ಪನನ್ನೇ ಇನ್ನಷ್ಟು ಬೈದುಕೊಂಡರು.

ಶುಕ್ರವಾರ ಮಧ್ಯಾಹ್ನ, ಊಟವಾದ ಮೇಲೆ, ಯುದ್ಧ ಆರಂಭವಾಯಿತು. ಆರಾಧ್ಯರು ಕಂಪನಿಯ ಸಹಾಯವಾಣಿಗೆ ಕರೆ ಮಾಡಿ, ಕನ್ನಡಕ್ಕಾಗಿ ಎರಡನ್ನು ಒತ್ತಿ, ಆ ಮೇಲೆ ಯಾವುಯಾವುದಕ್ಕಾಗಿಯೋ ಏನೇನನ್ನೋ ಒತ್ತಿ, ವಾದ್ಯಸಂಗೀತವನ್ನು ಕಿವಿ ಕಿತ್ತುಹೋಗುವಷ್ಟು ಕೇಳಿ, ಕೊನೆಗೆ ಒಬ್ಬ ಹೆಣ್ಣುಮಗಳ ಧ್ವನಿಯನ್ನು ಸಂಪಾದಿಸಿದರು.

"ತಾಯೀ," ಎಂದರು ಗದ್ಗದರಾಗಿ, "ನನ್ನ ಮನೆಗೆ ಶತ್ರುಗಳು ನುಗ್ಗಿದ್ದಾರೆ."

"ಸರ್, ಅದಕ್ಕೆ ಪೊಲೀಸ್‌ಗೆ ಫೋನ್ ಮಾಡ್ಬೇಕು ಸರ್. ಇದು ಇಂಟರ್ನೆಟ್."

"ಇಂಟರ್ನೆಟ್ಟಿಗೇ ನುಗ್ಗಿರೋದಮ್ಮಾ!"

"ಓ, ಪಾಸ್‌ವರ್ಡ್ ಚೇಂಜ್ ಮಾಡ್ಬೇಕಾ ಸರ್? ಲೈನಲ್ಲೇ ಇರಿ, ನಾನು ಹೇಳ್ತೀನಿ."

ಅವಳು ಹೇಳಿದಳು, ಅವರು ಒತ್ತಿದರು. ತಪ್ಪಾದುದನ್ನು ಒತ್ತಿದರು. ಹಿಂದಕ್ಕೆ ಬಂದರು. ಮತ್ತೆ ಒತ್ತಿದರು. ಒಂದು ಹಂತದಲ್ಲಿ ಪೆಟ್ಟಿಗೆಯ ದೀಪಗಳೆಲ್ಲ ಆರಿ, ಆರಾಧ್ಯರ ಪ್ರಾಣವೂ ಅರ್ಧ ಹೋಗಿ, ದೀಪಗಳು ಬಂದಮೇಲೆ ಅದೂ ಬಂತು. ಅರ್ಧ ಗಂಟೆಗೂ ಮೀರಿ ಸೆಣಸಿ, ಕನ್ನಡಕದ ಮೇಲೆ ಬೆವರಿಳಿಸಿ, ಕೊನೆಗೆ ಆ ರಹಸ್ಯದ್ವಾರದ ಮುಂದೆ ಬಂದು ನಿಂತರು. "ಈಗ ಹೊಸ ಪಾಸ್‌ವರ್ಡ್ ಹಾಕಿ ಸರ್. ಎಂಟಕ್ಷರಕ್ಕಿಂತ ಕಡಿಮೆ ಇರಬಾರದು. ಬೇರೆಯವ್ರು ಗೆಸ್ ಮಾಡೋ ಹಾಗಿರಬಾರದು" ಎಂದಿತು ಧ್ವನಿ.

ಮಹಾವೀರರು ಬೆರಳನ್ನು ಗಾಳಿಯಲ್ಲಿ ನಿಲ್ಲಿಸಿ ಯೋಚಿಸಿದರು. ದೇವರ ಹೆಸರಿಡೋಣವೆಂದರೆ ಮೊದಲು ಊಹಿಸುವುದೇ ಅದನ್ನು. ಹೆಂಡತಿಯ ಹೆಸರು ಬೀದಿಗೆಲ್ಲ ಗೊತ್ತು. ಹುಟ್ಟಿದ ದಿನ ಎಂದರೆ, ಪ್ರತಿ ವರ್ಷ ತಾವೇ ಮನೆಮನೆಗೆ ಹೋಗಿ ಹೇಳಿಬಂದಿದ್ದರು. ಶತ್ರುವಿನ ಮನಸ್ಸಿಗೆ ಎಂದೂ ಹೊಳೆಯಬಾರದು. ಹೊಳೆದರೂ ಅವನು ತನ್ನ ಬಾಯಾರೆ ಅದನ್ನು ಉಚ್ಚರಿಸಲಾರದಂತಿರಬೇಕು. ಅಂಥ ಮಂತ್ರ ಯಾವುದು? ಆಗ ಅವರ ಮುಖದ ಮೇಲೆ ಒಂದು ತುಂಟ ನಗೆ ಮೂಡಿತು. ಒಂದೊಂದೇ ಇಂಗ್ಲಿಷ್ ಅಕ್ಷರವನ್ನು ಹುಡುಕಿ ಹುಡುಕಿ ಒತ್ತಿ, ಪಕ್ಕದ ಮನೆಯವನ ಹೆಸರನ್ನು ಬರೆದು, ಅದರ ಬೆನ್ನಿಗೇ ಬಿರುದನ್ನೂ ಅಂಟಿಸಿದರು: ಗವಿರಂಗಕಳ್ಳ.

"ಆಯ್ತಾ ಸರ್? ಇನ್ನೇನಾದ್ರೂ ಸಹಾಯ ಬೇಕಾ?"

"ಬೇಡ ತಾಯೀ, ಬೇಡ! ಜಗತ್ತನ್ನೇ ಗೆದ್ದೆ!" ಎಂದು ಫೋನಿಟ್ಟು, ಹೆಂಡತಿಯ ಕಿವಿಯಲ್ಲಿ ಮಾತ್ರ ಆ ಮಂತ್ರವನ್ನು ಉಸುರಿ, "ಈ ಸಲ ಡಬ್ಬಿಗೆ ಹಾಕಿದ್ಯೋ, ನೋಡು ಮತ್ತೆ" ಎಂದರು. "ಥೂ, ಇದನ್ನ ಯಾರ ಮುಂದೆ ಹೇಳೋಕಾಗುತ್ರೀ! ವಯಸ್ಸಿಗೆ ತಕ್ಕ ಬುದ್ಧಿ ಬೇಡ್ವಾ?" ಎಂದರು ಆಕೆ. ಆರಾಧ್ಯರು ಮೀಸೆಯ ಮೇಲೆ ಕೈಯಾಡಿಸಿ, ಕಾಫಿ ತರಿಸಿಕೊಂಡು ಕುಡಿದರು.

ಅಯ್ಯೋ, ಆ ಸಂಜೆ ಮೂರನೆಯ ಅಡ್ಡರಸ್ತೆಯ ಮೇಲೆ ಬಿದ್ದ ಕೇಡನ್ನು ಏನೆಂದು ಹೇಳಲಿ! ಧಾರಾವಾಹಿಯಲ್ಲಿ ಅತ್ತೆ ಕೈಯೆತ್ತಿದ್ದಳು, ಸೊಸೆಯ ಕೆನ್ನೆಗೆ ಅದು ಬಿತ್ತೋ ಇಲ್ಲವೋ ತಿಳಿಯದೆ ಐದು ಮನೆಗಳು ನರಳಿದವು. ರೀಲುಗಳು ಸುತ್ತುತ್ತ ಸುತ್ತುತ್ತ ನಿಂತವು. ಹೆಂಗಸರು ಟೆರೇಸ್ ಹತ್ತಿದರು, ಗಂಡಸರು ಸಂಪಿಗೆ ಮರಕ್ಕೆ ಪ್ರದಕ್ಷಿಣೆ ಹಾಕಿದರು, ಎಲ್ಲರೂ ಫೋನನ್ನು ಆಕಾಶಕ್ಕೆತ್ತಿ ಹಿಡಿದು ಬೇಡಿದರು. ಮೇಘವಿತ್ತು, ಮಳೆಯಿಲ್ಲ; ಫೋನಿನಲ್ಲಿ ವೈಫೈಯ ಹೆಸರು ಕಾಣುತ್ತಿತ್ತು, ನೆಟ್ ಇಲ್ಲ. ಆರಾಧ್ಯರು ಪರದೆಯ ಸಂದಿಯಿಂದ ಈ ದೃಶ್ಯವನ್ನು ನೋಡಿ ನೋಡಿ ಹೊಟ್ಟೆ ತುಂಬಿಸಿಕೊಂಡರು.

ಶನಿವಾರ ಗವಿರಂಗಪ್ಪ ಗೇಟಿನವರೆಗೂ ಬಂದ. "ಸ್ವಾಮಿ, ನೆಟ್ ಒಂಟೋಗೈತೆ."

"ಹೌದಾ! ಅಯ್ಯೋ ಪಾಪ," ಎಂದರು ಆರಾಧ್ಯರು ಉಯ್ಯಾಲೆಯ ಮೇಲಿಂದ. "ನಮ್ಮಲ್ಲಿ ಜೋರಾಗಿ ಬರ್ತಿದೆ."

"ಪಾಸ್‌ವರ್ಡ್ ಏನಾರ ಬದಲಾಯ್ಸಿದ್ರಾ ಹೆಂಗೆ?"

ಈ ಕ್ಷಣಕ್ಕಾಗಿಯೇ ಅವರು ಕಾದಿದ್ದರು. ಉಯ್ಯಾಲೆಯಿಂದ ಇಳಿದು, ಎದೆಯುಬ್ಬಿಸಿ, ಹರಾಜುಕಟ್ಟೆಯ ಧ್ವನಿಯನ್ನು ಹೊರತೆಗೆದರು: "ಗವಿರಂಗಪ್ಪನವರೇ! ನನ್ನ ತರಂಗ ನನ್ನದು. ಬೇಲಿ ಹಾಕಿದ್ದೇನೆ. ಇನ್ನು ಈ ಬೇಲಿಯನ್ನು ಇರುವೆಯೂ ನುಸುಳಲಾರದು, ಸೊಳ್ಳೆಯೂ ಹಾರಲಾರದು. ನನ್ನ ಪಾಸ್‌ವರ್ಡ್ ನಿಮ್ಮ ನಾಲಿಗೆಯ ಮೇಲೆ ಬರುವ ದಿನ ಸೂರ್ಯ ಗುಬ್ಬಿ ಕಡೆಯಿಂದ ಹುಟ್ಟುವುದನ್ನು ಬಿಟ್ಟು ಅರಸೀಕೆರೆ ಕಡೆಯಿಂದ ಹುಟ್ಟುತ್ತಾನೆ!"

ಗವಿರಂಗಪ್ಪನೂ ಸಾಮಾನ್ಯನೇ? ಸಂತೆಯ ದಿನದ ಬಸ್ಸಿನಲ್ಲಿ ಬಾಗಿಲಿಗೆ ನೇತಾಡಿಕೊಂಡು ನೂರು ಬಾಯಿಗಳಿಗೆ ಒಂದೇ ಬಾಯಿಂದ ಉತ್ತರ ಕೊಟ್ಟವನು. ಹೆಗಲ ಟವೆಲನ್ನು ಫಟಾರೆಂದು ಒದರಿ ಹೇಳಿದ: "ಮಡಿಕ್ಕಳಿ ಸ್ವಾಮಿ ನಿಮ್ಮ ತರಂಗ, ಉಪ್ಪಿನಕಾಯಿ ಹಾಕ್ಕಳಿ! ನಾವೇನು ನೆಟ್ ಇಲ್ದೆ ಸತ್ತೋಗಲ್ಲ. ಅಲ್ಲ, ನಾಳೆ ಭಾನುವಾರ ಐದು ಗಂಟೆಗೆ ಒಂದೀಟು..."

"ಭಾನುವಾರವೂ ಇಲ್ಲ, ಸೋಮವಾರವೂ ಇಲ್ಲ!" ಎಂದು ಆರಾಧ್ಯರು ಮಾತನ್ನು ಅಲ್ಲಿಯೇ ತುಂಡರಿಸಿದರು.

ಗವಿರಂಗಪ್ಪ "ಬುಡಿ ಅತ್ಲಾಗಿ" ಎಂದು ಹೊರಟುಹೋದ. ಆರಾಧ್ಯರಿಗೆ ಅದು ಶತ್ರುಪಲಾಯನವಾಗಿ ಕಂಡಿತು.

ಭಾನುವಾರ ಬಂತು. ಸಂಜೆ ಐದಾಯಿತು. ವಿಭೂತಿ, ಜರಿ ಶಲ್ಯ, ಸ್ಟೂಲು, ಫೋನು. ಮೊದಲರ್ಧದಲ್ಲಿ ಹಿಂದಿನ ಕಥೆ, ಐದು ನಿಮಿಷ ವಿರಾಮ, ಎರಡನೆಯ ಅರ್ಧದಲ್ಲಿ ಕುಂಬಾರಗಿತ್ತಿಯ ಉತ್ತರ ಎಂದು ಏರ್ಪಾಡು. ಆರಾಧ್ಯರು ಓದಿದರು ನೋಡಿ! ಪದವೊಂದೂ ತಡವರಿಸಲಿಲ್ಲ, ಸ್ವರವೊಂದೂ ಕದಲಲಿಲ್ಲ, ನೆಟ್ ಒಂದು ಕ್ಷಣವೂ ಮುಗ್ಗರಿಸಲಿಲ್ಲ. ಕೆರೆ ಕಟ್ಟಿದಾಗ ನೀರು ಕಂಡಿತು, ಆನೆ ಬಂದಾಗ ನೆಲ ನಡುಗಿತು, ಕುಂಬಾರಗಿತ್ತಿ ಬೇಲಿ ನುಸುಳಿದಾಗ ಮುಳ್ಳು ಚುಚ್ಚಿತು. ಹಾಡುತ್ತ ಹಾಡುತ್ತ ಅವರ ಕಣ್ಣಲ್ಲಿ ನೀರು ತುಂಬಿತು. ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಓದಿರಲಿಲ್ಲ, ಅದು ಅವರಿಗೇ ಗೊತ್ತಾಗುತ್ತಿತ್ತು. ರಾಜನ ಮುಂದೆ ಅವಳನ್ನು ತಂದು ನಿಲ್ಲಿಸಿ, ವಿರಾಮಕ್ಕೆ ಕೈಮುಗಿದು, ಅವರು ಫೋನಿನ ಮೂಲೆಯಲ್ಲಿ ಕಣ್ಣಿನ ಗುರುತಿನ ಪಕ್ಕ ಬರುವ ಸಂಖ್ಯೆಯನ್ನು ನೋಡಿದರು. ಎಷ್ಟು ಜನ ನೋಡುತ್ತಿದ್ದಾರೆ ಎಂದು ತೋರಿಸುವ ಸಂಖ್ಯೆ ಅದು.

ಒಂದು ಎಂದಿತ್ತು.

ಅಷ್ಟರಲ್ಲಿ ಆ ಒಂದೇ ಫೋನ್ ಮಾಡಿತು, ಕಾರ್ಯದರ್ಶಿ ಜಲಜಾಕ್ಷಿ. "ಅದ್ಭುತ ಆರಾಧ್ಯರೇ, ಒಂಚೂರೂ ಕಟ್ ಆಗ್ಲಿಲ್ಲ! ಆದ್ರೆ ಯಾಕೆ ಇವತ್ತು ಯಾರೂ ಇಲ್ಲ? ಹೋದ ಸಲ ನಿಮ್ಮದಕ್ಕೆ ಬಂದಷ್ಟು ಜನ ಯಾರದಕ್ಕೂ ಬಂದಿರ್ಲಿಲ್ಲ. ನಮ್ಮ ಸಭೇಲಿರೋರು ಎಲ್ಲಾ ಓದೋರೇ, ಬೇರೆಯವ್ರದು ಯಾರೂ ಕೇಳಲ್ಲ, ನಿಮಗೆ ಗೊತ್ತಲ್ಲ. ನಿಮಗೆ ಮಾತ್ರ ಎಲ್ಲಾ ತಿಪಟೂರಿನಿಂದಲೇ ನೋಡ್ತಿದ್ರು. ಎಲ್ರೂ ಒಂದೇ ಬೀದಿಯವ್ರೇನೋ ಅನ್ನೋ ಹಾಗಿತ್ತು. ಕಟ್ ಆದ್ಮೇಲೂ ಎಷ್ಟೋ ಹೊತ್ತು ಬಿಟ್ಟು ಹೋಗ್ಲೇ ಇಲ್ಲ ಪಾಪ. ಮುಂದೇನಾಯ್ತು, ಮುಂದೇನಾಯ್ತು ಅಂತ ಬರೀತಾನೇ ಇದ್ರು."

ಆರಾಧ್ಯರ ಹೆಗಲಿಂದ ಶಲ್ಯ ಜಾರಿತು. ನೆಟ್ಟನ್ನು ಕಟ್ಟಿಹಾಕಿದ್ದು ಧಾರಾವಾಹಿಯಲ್ಲ, ರೀಲಲ್ಲ. ಆವತ್ತು ಬೀದಿಗೆ ಬೀದಿಯೇ ಮನೆಮನೆಯಲ್ಲಿ ಕೂತು, ಅವರ ವೈಫೈಯಲ್ಲೇ, ಅವರನ್ನೇ ನೋಡುತ್ತಿತ್ತು. ಬಾಳಿನಲ್ಲಿ ಮೊದಲ ಬಾರಿಗೆ ಕೈ ತೊಳೆಯಲು ಏಳದೆ ಕೂತ ಸಭೆಯನ್ನು ಅವರು ಶುಕ್ರವಾರ ಮಧ್ಯಾಹ್ನ, ಸಹಾಯವಾಣಿಯ ಸಹಾಯದಿಂದ, ಸ್ವಂತ ಬೆರಳಲ್ಲಿ ಹೊರಗಟ್ಟಿದ್ದರು.

"ಮಂಗಳಾ," ಎಂದರು ಕ್ಷೀಣವಾಗಿ, "ಇವರೆಲ್ಲ ನನ್ನನ್ನ ಕೇಳ್ತಿದ್ರಾ?"

"ಇಲ್ವೇನ್ರೀ ಮತ್ತೆ! ಲಕ್ಷ್ಮೀದೇವಮ್ಮ ನೀರು ಹಿಡಿಯೋಕೆ ಬಂದಾಗೆಲ್ಲ ಅದೇ ಕೇಳ್ತಾಳೆ, ಆ ಹೆಂಗಸು ರಾಜನಿಗೆ ಏನಂದ್ಲು ಅಕ್ಕ ಅಂತ. ನಾನು ಹೇಳ್ಲಿಲ್ಲ, ನೀವೇ ಹಾಡ್ತೀರ, ಕೇಳು ಅಂದೆ." ಸರ್ವಮಂಗಳಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡರು. "ಏನಂತಾಳೆ ಅವಳು? ಬೇಲಿ ಹಾಕಿದ ಕೆರೇಲಿ ಕಪ್ಪೆ ಮಾತ್ರ ನಿನ್ನ ಪ್ರಜೆ, ಅದಕ್ಕೇ ದೊರೆಯಾಗಿರು ಅಂತ ತಾನೆ? ರಾಜನಿಗಿಂತ ಚೆನ್ನಾಗಿ ನಿಮಗೇ ಒಪ್ಪುತ್ತೆ."

ವಿರಾಮ ಮುಗಿಯಲು ಮೂರು ನಿಮಿಷವಿತ್ತು. ಪಾಸ್‌ವರ್ಡ್ ಬದಲಿಸಲು ಮತ್ತೆ ಅರ್ಧ ಗಂಟೆಯ ಯುದ್ಧ ಬೇಕು. ಉಳಿದದ್ದು ಒಂದೇ ದಾರಿ. ಆರಾಧ್ಯರು ಜರಿ ಶಲ್ಯವನ್ನು ಎಳೆದುಕೊಂಡು, ಬರಿಗಾಲಲ್ಲಿ ಗೇಟಿನತ್ತ ಓಡಿದರು.

ಬೀದಿಯ ಜನವೆಲ್ಲ ಹೊರಗೇ ಇತ್ತು. ಕಟ್ಟೆಗಳ ಮೇಲೆ, ಮೆಟ್ಟಿಲ ಮೇಲೆ, ಕೈಯಲ್ಲಿ ಸತ್ತ ಫೋನು ಹಿಡಿದು ಕೂತಿತ್ತು. ಗವಿರಂಗಪ್ಪ ತನ್ನ ಬಾಗಿಲಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಂತಿದ್ದ.

"ಗವಿರಂಗಪ್ಪನವರೇ, ಫೋನ್ ತೆಗೀರಿ. ಪಾಸ್‌ವರ್ಡ್ ಹೇಳ್ತೀನಿ."

"ಸ್ವಾಮಿ!" ಗವಿರಂಗಪ್ಪನ ಮುಖ ಅರಳಿತು. ನಿನ್ನೆಯ ಸಿಟ್ಟೆಲ್ಲ ಎಲ್ಲಿ ಹೋಯಿತೋ. "ನಂಗೊತ್ತಿತ್ತು ಸ್ವಾಮಿ, ನೀವು ಅಂಥೋರಲ್ಲ. ಹೇಳಿ ಹೇಳಿ."

ಬೆಲೆ ಕೂಗಿ ಕೂಗಿ ಪಳಗಿದ ಆ ಕಂಠ ಇರುವೆಯ ಧ್ವನಿಯಲ್ಲಿ ಶುರುಮಾಡಿತು. "ಜಿ... ಎ... ವಿ... ಐ..." ಗವಿರಂಗಪ್ಪ ಒತ್ತುತ್ತ ಹೋದ. "ಆರ್... ಎ... ಎನ್... ಜಿ... ಎ..."

ಗವಿರಂಗಪ್ಪ ಒತ್ತುವುದನ್ನು ನಿಲ್ಲಿಸಿ ತಲೆಯೆತ್ತಿದ. ಅವನ ಕಣ್ಣು ತುಂಬಿ ಬಂದಿತ್ತು. "ನನ್ನ ಎಸರು ಮಡಗಿದೀರಾ ಸ್ವಾಮಿ? ಏ ಲಕ್ಷ್ಮೀ, ಬಾರೇ ಇಲ್ಲಿ! ಸ್ವಾಮಿಗಳು ಅವರ ಮನೆ ಪಾಸ್‌ವರ್ಡಿಗೆ ನನ್ನ ಎಸರು ಮಡಗವ್ರೆ ಕಣೇ! ನಿನ್ನೆ ನಾನು ಏನೇನೋ ಅಂದ್ಬುಟ್ಟ್ನಲ್ಲ ಸ್ವಾಮಿ, ನನ್ನ ಬಾಯಿಗೆ ಉಳ ಬೀಳ!"

ಲಕ್ಷ್ಮೀದೇವಮ್ಮ ಓಡಿ ಬಂದರು. ಬೀದಿಯೇ ಓಡಿ ಬಂತು. ಭೂಮಿ ಬಾಯಿ ಬಿಟ್ಟಿದ್ದರೆ ಆರಾಧ್ಯರು ಆಗಲೇ ಒಳಗಿಳಿಯುತ್ತಿದ್ದರು, ಅದು ಬಿಡಲಿಲ್ಲ.

"ಆಯ್ತಾ ಸ್ವಾಮಿ, ಇಷ್ಟೇನಾ? ಮುಂದೆ ಇನ್ನೂ ಐತಾ?"

"ಐತೆ," ಎಂದರು ಆರಾಧ್ಯರು ನೆಲ ನೋಡುತ್ತ. "ಕೆ... ಎ... ಎಲ್... ಎಲ್... ಎ."

ಗವಿರಂಗಪ್ಪ ಒತ್ತಿದ. ಒತ್ತಿದ್ದನ್ನು ತುಟಿಯಾಡಿಸಿ ಓದಿಕೊಂಡ. ಆರಾಧ್ಯರನ್ನು ನೋಡಿದ. ಮತ್ತೆ ಫೋನನ್ನು ನೋಡಿದ. ಅಷ್ಟರಲ್ಲಿ ಫೋನಿಗೆ ನೆಟ್ ಬಂತು, ಬಂದೊಡನೆ ಜಲಜಾಕ್ಷಿಯವರ ಧ್ವನಿ ಕೇಳಿತು: "ಇನ್ನೊಂದೇ ನಿಮಿಷದಲ್ಲಿ ದ್ವಿತೀಯಾರ್ಧ."

"ಮಿಕ್ಕಿದ್ದು ಆಮ್ಯಾಕೆ ಮಾತಾಡನ, ಸ್ವಾಮಿ," ಎಂದ ಗವಿರಂಗಪ್ಪ. "ಓಡಿ ಒಳಕ್ಕೆ. ಆವಮ್ಮ ಒಂದು ತಿಂಗಳಿಂದ ಬಾಯಿ ತಕ್ಕೊಂಡು ನಿಂತವ್ಳೆ."

ಆರಾಧ್ಯರು ತಿರುಗಿ ಓಡಿದರು. ಬಾಗಿಲು ದಾಟಿ, ಸ್ಟೂಲಿನ ಮುಂದೆ ಕೂತು, ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೊರಗಿನಿಂದ, ಸಂತೆಯ ದಿನದ ಬಸ್ಸಿನಲ್ಲಿ ಮುಂದಿನ ಸ್ಟಾಪನ್ನು ಕೂಗುವ ಅದೇ ಕಂಡಕ್ಟರ್ ಗಂಟಲಿನಲ್ಲಿ, ಮೂಲೆಮನೆಯ ಟೆರೇಸಿಗೂ ಕೇಳುವಂತೆ ಗವಿರಂಗಪ್ಪ ಕೂಗುತ್ತಿದ್ದ: "ಎಲ್ಲಾರೂ ಒತ್ಕಳಿ, ಬೇಗ ಬೇಗ! ಗವಿರಂಗ ಕಳ್ಳ! ಗವಿರಂಗ ಕಳ್ಳ! ಮಧ್ಯೆ ಜಾಗ ಬುಡಬ್ಯಾಡಿ, ಒಟ್ಟಿಗೇ ಒತ್ತಿ!"